ಚಳಿಗಾಲದ ವಾರ್ಷಿಕ ಹೂಗಿಡಗಳ ಬಿತ್ತನೆ: ಭೀಮಸಮುದ್ರ ಮತ್ತು ಚಿತ್ರದುರ್ಗ ಸೀಮೆ

ಬೀಜದಿಂದ ಮೊಳೆತು, ತಂಪು ಹವೆಯಲ್ಲಿ ಬೆಳೆದು ಹೂಬಿಟ್ಟು, ಬೇಸಗೆ ಬಲಿಯುವಷ್ಟರಲ್ಲಿ ಬೀಜ ಕಟ್ಟಿ ಒಣಗಿಹೋಗುವ ಗಿಡಗಳನ್ನು ಚಳಿಗಾಲದ ವಾರ್ಷಿಕ ಹೂಗಿಡಗಳೆಂದು ಕರೆಯುತ್ತಾರೆ. ಪಿಟೂನಿಯ, ಫ್ಲಾಕ್ಸ್, ನರ್ಸರಿಗಳಲ್ಲಿ ಡಾಗ್ ಫ್ಲವರ್ ಎಂದೇ ಹೆಸರಾದ ಆಂಟಿರೈನಮ್, ಡಯಾಂತಸ್, ಕ್ಯಾಲೆಂಡುಲ, ಪ್ಯಾನ್ಸಿ, ಸ್ವೀಟ್ ಪೀ, ಲಾರ್ಕ್‌ಸ್ಪರ್, ಅಲಿಸಮ್, ಕ್ಯಾಂಡಿಟಫ್ಟ್, ನ್ಯಾಸ್ಟರ್ಷಿಯಂ, ಸ್ಟಾಕ್, ವರ್ಬಿನ ಇವು ಈ ಗುಂಪಿನ ಮುಖ್ಯ ಗಿಡಗಳು. ಚಿತ್ರದುರ್ಗ ನಗರದ ಪಶ್ಚಿಮಕ್ಕೆ, ಕೆರೆ ಮತ್ತು ಅಡಿಕೆ ತೋಟಗಳಿಗೆ ಹೆಸರಾದ ಭೀಮಸಮುದ್ರದಲ್ಲೂ, ಅದರ ಸುತ್ತಲಿನ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲೂ ಇವುಗಳ ಬಿತ್ತನೆಗೆ ಸಿಗುವ ಕಾಲ ಚಿಕ್ಕದು. ಸೆಪ್ಟೆಂಬರ್ ಕೊನೆಗೆ ಹಿಡಿಯುವ ಹಸ್ತ ಮಳೆಯಿಂದ ನವೆಂಬರ್ ನಡುವೆ ಮುಗಿಯುವ ವಿಶಾಖ ಮಳೆಯವರೆಗಿನ ಏಳೂವರೆ ವಾರಗಳಲ್ಲಿ ಬಹುಪಾಲು ಬೀಜ ಮಣ್ಣಿಗೆ ಬೀಳಬೇಕು.

ಮನೆಯಂಗಳದ ತೋಟಗಾರರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬೆಳಗಿನ ಮಂಜು ಕಂಡು, ಹೆಗಲ ಮೇಲೆ ಹೊದಿಕೆ ಬಂದ ಮೇಲೆ, ಎಂದರೆ ಡಿಸೆಂಬರ್ ಎರಡನೆಯ ವಾರದ ಹೊತ್ತಿಗೆ, ಚಳಿಗಾಲದ ಹೂವಿನ ನೆನಪಾಗುತ್ತದೆ. ಆಗ ಬಿತ್ತಿದ ಪಿಟೂನಿಯ ಮೊಗ್ಗು ಬಿಡುವುದು ಮಾರ್ಚಿಗೆ. ಮಾರ್ಚಿನಲ್ಲಿ ಈ ಸೀಮೆಯ ಮಧ್ಯಾಹ್ನದ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಗಿಡ ಹೂಬಿಡಲು ಸಜ್ಜಾದ ಕಾಲಕ್ಕೆ ಹವೆ ಅದರ ಕೈಬಿಟ್ಟಿರುತ್ತದೆ. ಚಳಿ ಇರಬೇಕಾದದ್ದು ಗಿಡ ಬೆಳೆಯುವಾಗ ಮತ್ತು ಹೂಬಿಡುವಾಗ. ಬಿತ್ತನೆ ಅದಕ್ಕಿಂತ ಎಷ್ಟೋ ಮೊದಲು, ಇನ್ನೂ ಮಳೆಯ ತೇವ ಆರದ ದಿನಗಳಲ್ಲಿ ಮುಗಿದಿರಬೇಕು.

ಹವೆ

ಭೀಮಸಮುದ್ರ ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಮಧ್ಯ ಒಣ ವಲಯಕ್ಕೆ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಈ ಬಯಲಿಗೆ ಮುಂಗಾರು ಧಾರಾಳವಾಗಿ ಸುರಿಯುವುದಿಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಮೋಡ ಹೆಚ್ಚು, ಗಾಳಿ ಹೆಚ್ಚು, ಹನಿ ಕಡಿಮೆ. ಆ ಗಾಳಿಯ ಬಿರುಸನ್ನು ನಂಬಿಯೇ ಚಿತ್ರದುರ್ಗದ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ವರ್ಷದ ದೊಡ್ಡ ಮಳೆ ಸೆಪ್ಟೆಂಬರ್ ಮತ್ತು ಅಕ್ಟೋಬರಿನದು. ಮುಂಗಾರಿನ ಬಾಲ ಮತ್ತು ಹಿಂಗಾರಿನ ತಲೆ ಆಗ ಒಂದಾಗುತ್ತವೆ. ನವೆಂಬರಿನಲ್ಲಿ ಮಳೆ ಇಳಿಮುಖವಾಗಿ, ಡಿಸೆಂಬರಿನಿಂದ ಒಣ ಮೂಡಗಾಳಿ ಬೀಸತೊಡಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 16 ರಿಂದ 17 ಡಿಗ್ರಿಗೆ ಇಳಿಯುತ್ತದೆ, ಹಗಲು 28 ರಿಂದ 29 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಫೆಬ್ರವರಿ ಮಧ್ಯದಿಂದ ಬಿಸಿಲು ಏರುತ್ತದೆ, ಏಪ್ರಿಲಿನಲ್ಲಿ ಉಷ್ಣತೆ 36 ಡಿಗ್ರಿ ತಲುಪುತ್ತದೆ.

ಹಿಮ ಬೀಳದ ನಾಡು ಇದು. ಯುರೋಪು ಅಥವಾ ಅಮೆರಿಕದಿಂದ ಬರುವ ಬೀಜದ ಪೊಟ್ಟಣಗಳ ಮೇಲೆ, ಕೊನೆಯ ಹಿಮ ಕರಗಿದ ಮೇಲೆ ವಸಂತದಲ್ಲಿ ಬಿತ್ತಿರಿ ಎಂದು ಅಚ್ಚಾಗಿರುತ್ತದೆ. ಆ ಮಾತನ್ನು ಇಲ್ಲಿ ಪಾಲಿಸಿ ಮಾರ್ಚ್, ಏಪ್ರಿಲಿನಲ್ಲಿ ಬಿತ್ತಿದವರಿಗೆ ಬೀಜದ ದುಡ್ಡೂ ದಕ್ಕುವುದಿಲ್ಲ. ಅಲ್ಲಿ ಕಾಲವನ್ನು ಕಟ್ಟಿಹಾಕುವುದು ಹಿಮ. ಇಲ್ಲಿ ಒಂದು ಕಡೆಯಿಂದ ಅಕ್ಟೋಬರಿನ ಜಡಿಮಳೆ, ಇನ್ನೊಂದು ಕಡೆಯಿಂದ ಮಾರ್ಚಿನ ಬಿಸಿಲು. ಬಿತ್ತನೆಯ ದಿನವನ್ನು ಈ ಎರಡರ ನಡುವೆ ಹುಡುಕಿಕೊಳ್ಳಬೇಕು.

ಹಗಲಿನ ಉದ್ದವೂ ಇಲ್ಲಿ ಗಿಡಕ್ಕೆ ಒದಗಿಬರುತ್ತದೆ. ಪಿಟೂನಿಯ, ಆಂಟಿರೈನಮ್ ಮೊದಲಾದವು ಹಗಲು ಉದ್ದವಾದಷ್ಟೂ ಬೇಗ ಹೂಬಿಡುವ ಸ್ವಭಾವದವು. 28 ಡಿಗ್ರಿ ಉತ್ತರ ಅಕ್ಷಾಂಶದ ಆಚೆಗಿರುವ ದೆಹಲಿಯಲ್ಲಿ ಡಿಸೆಂಬರಿನ ಹಗಲು 10 ಗಂಟೆ 20 ನಿಮಿಷಕ್ಕೆ ಕುಗ್ಗುತ್ತದೆ, ಚಳಿಯೂ ಕಡುವಾಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದರೂ ಅಲ್ಲಿ ಹೂವಿನ ಸಿರಿ ಫೆಬ್ರವರಿ, ಮಾರ್ಚಿಗೆ. ರಾಷ್ಟ್ರಪತಿ ಭವನದ ಅಮೃತ ಉದ್ಯಾನವನ್ನು ಜನರಿಗೆ ತೆರೆಯುವುದೂ ಆ ಹೊತ್ತಿಗೇ. ಸುಮಾರು 14 ಡಿಗ್ರಿ ಅಕ್ಷಾಂಶದ ಚಿತ್ರದುರ್ಗದಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ 15 ನಿಮಿಷದಷ್ಟಿರುತ್ತದೆ. ಆದ್ದರಿಂದ ಡಿಸೆಂಬರ್ ಕೊನೆಗೇ ಹೂವು ಶುರುವಾಗುತ್ತದೆ. ಉತ್ತರ ಭಾರತಕ್ಕೆಂದು ಬರೆದ ತೋಟಗಾರಿಕೆ ಪುಸ್ತಕಗಳ ಬಿತ್ತನೆ ಪಟ್ಟಿ ಇಲ್ಲಿಗೆ ಹೊಂದಬಹುದು. ಹೂಬಿಡುವ ಪಟ್ಟಿ ಹೊಂದುವುದಿಲ್ಲ.

ಗಿಡಗಳ ತವರು

ಈ ಹೂಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು. ಕ್ಯಾಲೆಂಡುಲ, ಆಂಟಿರೈನಮ್, ಅಲಿಸಮ್, ಸ್ಟಾಕ್, ಲಾರ್ಕ್‌ಸ್ಪರ್ ಮೆಡಿಟರೇನಿಯನ್ ಸುತ್ತಿನವು. ಸ್ವೀಟ್ ಪೀ ಸಿಸಿಲಿಯದು. ಅಲ್ಲಿನ ಸನ್ಯಾಸಿ ಫ್ರಾನ್ಸಿಸ್ಕೊ ಕುಪಾನಿ 1699ರಲ್ಲಿ ಅದರ ಬೀಜವನ್ನು ಇಂಗ್ಲೆಂಡಿಗೆ ಕಳಿಸಿದರು. ವಾರ್ಷಿಕ ಫ್ಲಾಕ್ಸ್ ಅಮೆರಿಕದ ಟೆಕ್ಸಾಸಿನದು. 1835ರಲ್ಲಿ ಬೀಜ ಕಳಿಸಿದ ಸಸ್ಯಸಂಗ್ರಾಹಕ ಥಾಮಸ್ ಡ್ರಮಂಡರ ಹೆಸರೇ ಅದರ ವೈಜ್ಞಾನಿಕ ಹೆಸರಿಗೂ ಬಂದಿದೆ. ಪಿಟೂನಿಯ ದಕ್ಷಿಣ ಅಮೆರಿಕದ್ದು, ನ್ಯಾಸ್ಟರ್ಷಿಯಂ ಆಂಡಿಸ್ ಬೆಟ್ಟಗಳದು.

ಮೆಡಿಟರೇನಿಯನ್ ನೆಲದ ಗಿಡಗಳ ಬದುಕನ್ನು ಗಮನಿಸಿದರೆ ಚಿತ್ರದುರ್ಗದ ಬಿತ್ತನೆಯ ಗುಟ್ಟು ಅಲ್ಲೇ ಸಿಗುತ್ತದೆ. ಆ ನಾಡಿನಲ್ಲಿ ಬೇಸಗೆ ಪೂರಾ ಒಣ. ಉದುರಿದ ಬೀಜ ನೆಲದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಶರತ್ಕಾಲದ ಮೊದಲ ಮಳೆಗೆ ಮೊಳೆತು, ತಂಪಿನಲ್ಲಿ ಬೇರು ಬಿಟ್ಟು, ಮುಂದಿನ ಬಿಸಿಲಿಗೆ ಮೊದಲೇ ಹೂವು, ಬೀಜ ಎರಡನ್ನೂ ಮುಗಿಸುತ್ತದೆ. ನಮ್ಮ ಹಸ್ತ, ಚಿತ್ತೆ ಮಳೆಗಳು ಬೀಳುವುದು ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಲಾರ್ಕ್‌ಸ್ಪರ್, ಪ್ಯಾನ್ಸಿ ಬೀಜಗಳು ಕಾದ ಮಣ್ಣಿನಲ್ಲಿ ತೇವವಿದ್ದರೂ ಮೊಳೆಯದೆ ಮುಷ್ಕರ ಹೂಡುವುದಕ್ಕೂ ಈ ಹುಟ್ಟುಗುಣವೇ ಕಾರಣ. ಬೇಸಗೆಯ ಅಡ್ಡಮಳೆಗೆ ಮೊಳೆತುಬಿಟ್ಟರೆ ಸಸಿ ಉಳಿಯದು ಎಂಬುದು ಆ ಬೀಜದೊಳಗೆ ತಲೆತಲಾಂತರದಿಂದ ಬಂದ ಎಚ್ಚರ.

ಹಿತ್ತಿಲಲ್ಲಿ ಹಿಂದಿನಿಂದ ಬೆಳೆಯುವ ಕರ್ಣಕುಂಡಲ, ಕೋಳಿಜುಟ್ಟು, ಚೆಂಡು ಹೂ, ಆಮೇಲೆ ಬಂದು ಸೇರಿದ ಜೀನಿಯ, ಕಾಸ್ಮಾಸ್ ಈ ಗುಂಪಿನವಲ್ಲ. ಅವು ಬೆಚ್ಚನೆಯ ಹವೆಯ ಗಿಡಗಳು; ಮುಂಗಾರಿನ ಮೊದಲ ಹದಕ್ಕೆ ಬಿತ್ತಿದರೆ ಗೌರಿ ಹಬ್ಬದಿಂದ ದಸರೆಯವರೆಗೆ ಹೂ ಕೊಡುತ್ತವೆ. ಎರಡೂ ಗುಂಪಿನ ಪೊಟ್ಟಣಗಳನ್ನು ಒಟ್ಟಿಗೆ ತಂದು ಒಂದೇ ದಿನ ಬಿತ್ತುವುದರಿಂದ ಒಂದಲ್ಲ ಒಂದು ಗುಂಪು ಕೆಡುವುದು ಖಂಡಿತ.

ಬಿತ್ತನೆಯ ಕಾಲ

ಚಿತ್ರದುರ್ಗ ಸೀಮೆಯ ರೈತರು ಕಾಲವನ್ನು ಮಳೆ ನಕ್ಷತ್ರಗಳಿಂದ ಅಳೆಯುತ್ತಾರೆ. ಹೂವಿನ ಬಿತ್ತನೆಗೂ ಈ ಲೆಕ್ಕ ಇಂಗ್ಲಿಷ್ ತಿಂಗಳುಗಳಿಗಿಂತ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಒಂದೊಂದು ಮಳೆಗೂ ಅದರದೇ ಸ್ವಭಾವ ಇದೆ, ಅದು ಊರಿನವರೆಲ್ಲರಿಗೂ ಗೊತ್ತಿದೆ. ಉತ್ತರೆ ಸೆಪ್ಟೆಂಬರ್ 13ರ ಸುಮಾರಿಗೆ ಹುಟ್ಟುತ್ತದೆ. ಹಸ್ತ 27ಕ್ಕೆ, ಚಿತ್ತೆ ಅಕ್ಟೋಬರ್ 10 ಅಥವಾ 11ಕ್ಕೆ, ಸ್ವಾತಿ 24ಕ್ಕೆ, ವಿಶಾಖ ನವೆಂಬರ್ 6ಕ್ಕೆ, ಅನುರಾಧ 19 ಅಥವಾ 20ಕ್ಕೆ.

ಹಸ್ತ ಹುಟ್ಟಿದ ಕೂಡಲೇ ಮೊದಲ ಸರದಿ ನಿಧಾನದ ಗಿಡಗಳದು. ಆಂಟಿರೈನಮ್ ಬಿತ್ತನೆಯಿಂದ ಹೂವಿಗೆ ಹದಿನಾಲ್ಕರಿಂದ ಹದಿನಾರು ವಾರ ಬೇಡುತ್ತದೆ, ಡಯಾಂತಸ್ ಹನ್ನೆರಡರಿಂದ ಹದಿನಾಲ್ಕು. ಇವನ್ನು ಬಯಲಿನಲ್ಲಿ ಬಿತ್ತುವಂತಿಲ್ಲ. ಮಳೆಯ ಹೊಡೆತ ತಾಗದ ಜಗಲಿಯಲ್ಲೋ ಸೂರಿನ ಕೆಳಗೋ ಕುಂಡಗಳಲ್ಲಿ ಬಿತ್ತಿ, ಚಿತ್ತೆ ಕಳೆದ ಮೇಲೆ ಹೊರಗೆ ತರಬೇಕು. ಚಿತ್ತೆಯಲ್ಲಿ ಪಿಟೂನಿಯ, ಫ್ಲಾಕ್ಸ್, ವರ್ಬಿನ, ಸ್ಟಾಕ್, ಕ್ಯಾಲೆಂಡುಲ. ಪಿಟೂನಿಯ ಹತ್ತರಿಂದ ಹನ್ನೆರಡು ವಾರಕ್ಕೆ, ಫ್ಲಾಕ್ಸ್ ಒಂಬತ್ತು ಹತ್ತು ವಾರಕ್ಕೆ, ಕ್ಯಾಲೆಂಡುಲ ಎಂಟರಿಂದ ಹತ್ತು ವಾರಕ್ಕೆ ಹೂ ತೋರಿಸುತ್ತವೆ. ಪ್ಯಾನ್ಸಿಗೆ ಮಾತ್ರ ಅವಸರ ಕೂಡದು. ಮಣ್ಣು 25 ಡಿಗ್ರಿಗಿಂತ ಕಾದಿದ್ದರೆ ಅದರ ಬೀಜ ಸರಿಯಾಗಿ ಏಳುವುದಿಲ್ಲ. ಸ್ವಾತಿ ಕಾಲದ ಮೋಡದ ದಿನ ನೋಡಿ, ನೆರಳಿನಲ್ಲಿಟ್ಟ ತಟ್ಟೆಯಲ್ಲಿ ಬಿತ್ತುವುದು ಒಳ್ಳೆಯದು.

ಸ್ವಾತಿ ಮತ್ತು ವಿಶಾಖ ನೇರ ಬಿತ್ತನೆಯ ಕಾಲ. ಜಡಿಮಳೆ ಹಿಂದೆ ಸರಿದಿರುತ್ತದೆ, ನೆಲದಲ್ಲಿ ಹದ ಉಳಿದಿರುತ್ತದೆ, ರಾತ್ರಿ ತಂಪಾಗತೊಡಗಿರುತ್ತದೆ. ಬೇರು ಕದಲಿಸಿದರೆ ಸಹಿಸದ ಲಾರ್ಕ್‌ಸ್ಪರ್, ಸ್ವೀಟ್ ಪೀ, ನ್ಯಾಸ್ಟರ್ಷಿಯಂಗಳನ್ನು ಆಗ ಗಿಡ ನಿಲ್ಲಬೇಕಾದ ಜಾಗದಲ್ಲೇ ಬಿತ್ತಬೇಕು. ಸ್ವೀಟ್ ಪೀ ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಊರಿದರೆ ಬೇಗ ಮೊಳೆಯುತ್ತದೆ. ಬಳ್ಳಿ ಹಬ್ಬಲು ಆಗಲೇ ಕಡ್ಡಿ, ಹುರಿ ಕಟ್ಟಿಬಿಡುವುದು ಲೇಸು. ತಡಮಾಡಿದರೆ ಎಳೆಯ ಕುಡಿಗಳು ಒಂದನ್ನೊಂದು ಸುತ್ತಿಕೊಂಡು ಬಿಡಿಸಲಾಗದಂತಾಗುತ್ತವೆ.

ಅನುರಾಧ ಹುಟ್ಟಿದ ಮೇಲೆ ಉಳಿಯುವುದು ಬೇಗನೆ ಹೂ ಕೊಡುವ ಕೆಲವೇ ಗಿಡಗಳು. ಅಲಿಸಮ್, ನ್ಯಾಸ್ಟರ್ಷಿಯಂ ಆರರಿಂದ ಎಂಟು ವಾರಕ್ಕೆ ಹೂವಾಗುವುದರಿಂದ ಡಿಸೆಂಬರ್ ಮೊದಲ ವಾರದವರೆಗೂ ನಡೆಯುತ್ತವೆ. ಆಮೇಲೆ ಬೀಜಕ್ಕೆ ಹಣ ಹಾಕುವ ಬದಲು ನರ್ಸರಿಯಿಂದ ಬೆಳೆದ ಸಸಿ ತಂದು ನೆಡುವುದೇ ಬುದ್ಧಿವಂತಿಕೆ.

ಒಂದು ನಿಶ್ಚಿತ ದಿನಕ್ಕೆ ಹೂವು ಬೇಕಾದರೆ ಹಿಂದಕ್ಕೆ ಎಣಿಸಬೇಕು. ಶಾಲೆ, ಕಚೇರಿಗಳ ಅಂಗಳದಲ್ಲಿ ಗಣರಾಜ್ಯೋತ್ಸವಕ್ಕೆ ಹೂವಿರಲೆಂದು ಬಯಸುವವರು ಜನವರಿ 26ರಿಂದ 110 ದಿನ ಹಿಂದೆ ಹೋದರೆ ಅಕ್ಟೋಬರ್ 8 ಸಿಗುತ್ತದೆ. ಅದು ಆಂಟಿರೈನಮ್ ಬಿತ್ತುವ ದಿನ. ಪಿಟೂನಿಯಕ್ಕೆ 84 ದಿನ ಎಣಿಸಿದರೆ ನವೆಂಬರ್ 3, ಅಲಿಸಮ್‌ಗೆ 50 ದಿನ ಎಣಿಸಿದರೆ ಡಿಸೆಂಬರ್ 7. ಒಂದೇ ದಿನ ಎಲ್ಲವನ್ನೂ ಬಿತ್ತಿದರೆ ಅಲಿಸಮ್ ಹೂವು ಮುಗಿಸಿ ಬಾಡುವಾಗ ಆಂಟಿರೈನಮ್ ಇನ್ನೂ ಎಲೆಯಲ್ಲೇ ಇರುತ್ತದೆ. ಬೆಂಗಳೂರಿನ ಲಾಲ್‌ಬಾಗಿನ ಜನವರಿ ಪ್ರದರ್ಶನದ ಹೂರಾಶಿಯೂ ಇಂಥ ಹಿಮ್ಮುಖ ಎಣಿಕೆಯ ಫಲ. 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕೆ ಸಂಘ ಬೆಳೆಸಿಕೊಂಡು ಬಂದ ಆ ಪ್ರದರ್ಶನಗಳೇ ಕನ್ನಡ ನಾಡಿನ ಮನೆಮನೆಗೆ ಪಿಟೂನಿಯ, ಫ್ಲಾಕ್ಸ್‌ಗಳ ಪರಿಚಯ ಮಾಡಿಸಿದವು ಎಂದರೆ ತಪ್ಪಾಗದು. ಆದರೆ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಮಾರ್ಚ್ ಕೊನೆಯವರೆಗೂ ಎಳೆದುಕೊಂಡು ಹೋಗುವ ಹೂವು ಭೀಮಸಮುದ್ರದಲ್ಲಿ ಮಾರ್ಚ್ ಮೊದಲ ವಾರಕ್ಕೇ ಸೊರಗುತ್ತದೆ. 2,200 ಮೀಟರ್ ಮೇಲಿನ ಊಟಿಯಲ್ಲಿ ಇದೇ ಗಿಡಗಳ ಪ್ರದರ್ಶನ ಮೇ ತಿಂಗಳಿನಲ್ಲಿ ನಡೆಯುತ್ತದೆ. ಅಲ್ಲಿಂದ ಬೀಜವನ್ನೋ ಸಸಿಯನ್ನೋ ತರುವ ಪ್ರವಾಸಿಗರು ಅದರ ಜತೆಗೆ ಅಲ್ಲಿನ ತಿಂಗಳನ್ನೂ ತರಬಾರದು.

ಮಳೆ ನಕ್ಷತ್ರದ ಲೆಕ್ಕವೂ ಪ್ರತಿ ವರ್ಷ ಹಾಗೇ ನಡೆಯುತ್ತದೆಂದಲ್ಲ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅಂಥ ವರ್ಷ ತಗ್ಗಿನ ಪಾತಿಗಳಲ್ಲಿ ಹಸ್ತ, ಚಿತ್ತೆಯ ಬಿತ್ತನೆ ಉಳಿಯುವುದಿಲ್ಲ, ಸ್ವಾತಿಯವರೆಗೆ ಕಾಯಬೇಕಾಗುತ್ತದೆ. ಹಿಂಗಾರು ಕೈಕೊಟ್ಟ ವರ್ಷ ಅಕ್ಟೋಬರಿನ ಬಿಸಿಲೇ ಚುರುಕಾಗಿ, ಎಳೆಯ ಸಸಿಗೆ ಚಪ್ಪರದ ನೆರಳು ಬೇಕಾಗುತ್ತದೆ. ಮೋಡದ ಮೇಲೆ ಕಣ್ಣಿಟ್ಟು, ಒಂದೇ ಜಾತಿಯ ಬೀಜವನ್ನು ಹದಿನೈದು ದಿನಗಳ ಅಂತರದಲ್ಲಿ ಎರಡು ಕಂತಾಗಿ ಬಿತ್ತುವವರಿಗೆ ಒಂದು ಕಂತಾದರೂ ದಕ್ಕುತ್ತದೆ. ಎರಡೂ ದಕ್ಕಿದರೆ ಹೂವಿನ ಕಾಲ ಅಷ್ಟು ಲಂಬಿಸುತ್ತದೆ.

ಒಟ್ಲು ಮತ್ತು ಸಸಿ

ಬೀಜದ ಗಾತ್ರವನ್ನು ಅರಿತವರಿಗೆ ಬಿತ್ತನೆಯ ಅರ್ಧ ವಿದ್ಯೆ ಬಂದಂತೆ. ಒಂದು ಗ್ರಾಂ ತೂಕಕ್ಕೆ ಪಿಟೂನಿಯ ಬೀಜ ಸುಮಾರು 10,000 ತೂಗುತ್ತವೆ, ಆಂಟಿರೈನಮ್ 6,000ದ ಮೇಲೆ, ಪ್ಯಾನ್ಸಿ 700, ಸ್ವೀಟ್ ಪೀ ಹನ್ನೆರಡರ ಸುಮಾರು, ನ್ಯಾಸ್ಟರ್ಷಿಯಂ ಏಳೆಂಟು ಮಾತ್ರ. ದೂಳಿನಂಥ ಪಿಟೂನಿಯ ಬೀಜವನ್ನು ರಾಗಿ ಚೆಲ್ಲಿದಂತೆ ಚೆಲ್ಲಿ ಮಣ್ಣು ಮುಚ್ಚಿದರೆ ಒಂದೂ ಮೇಲೆ ಬಾರದು.

ಅದನ್ನು ಬಿತ್ತುವ ಕ್ರಮ ಹೀಗಿದೆ. ತಳದಲ್ಲಿ ತೂತಿರುವ ಅಗಲ ಬಾಯಿಯ ಮಣ್ಣಿನ ತಟ್ಟೆ ತೆಗೆದುಕೊಳ್ಳಬೇಕು. ತೂತಿನ ಮೇಲೆ ಹೆಂಚಿನ ಚೂರು ಕವುಚಿ, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಸಮನಾಗಿ ಬೆರೆಸಿ ಜರಡಿ ಹಿಡಿದು ತುಂಬಬೇಕು. ಅಂಗೈಯಿಂದ ಮೆಲ್ಲಗೆ ಒತ್ತಿ ಮೇಲ್ಮೈ ಸಮ ಮಾಡಿ, ತಟ್ಟೆಯನ್ನು ನೀರು ತುಂಬಿದ ಬೋಗುಣಿಯಲ್ಲಿ ಇಟ್ಟರೆ ನೀರು ಕೆಳಗಿನಿಂದ ಏರಿ ಮಣ್ಣಿನ ಮುಖ ಕಪ್ಪಾಗುತ್ತದೆ. ಆಗ ಹೊರತೆಗೆದು, ನೀರು ಬಸಿದ ಮೇಲೆ, ಒಂದು ಚಿಟಿಕೆ ಬೀಜವನ್ನು ಎರಡು ಚಮಚ ಒಣ ಸಣ್ಣ ಮರಳಿನಲ್ಲಿ ಕಲಸಿ ಹೆಬ್ಬೆರಳು ತೋರುಬೆರಳ ನಡುವಿನಿಂದ ಉದುರಿಸುತ್ತ ಹೋಗಬೇಕು. ಮೇಲೆ ಮಣ್ಣು ಹಾಕಬಾರದು, ಪಿಟೂನಿಯಕ್ಕೆ ಮೊಳೆಯಲು ಬೆಳಕು ಬೇಕು. ಗಾಜಿನ ಹಲಗೆಯನ್ನೋ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೋ ಮುಚ್ಚಿ ನೇರ ಬಿಸಿಲು ತಾಗದ ಬೆಳಕಿನಲ್ಲಿ ಇಟ್ಟರೆ ಏಳರಿಂದ ಹತ್ತು ದಿನಕ್ಕೆ ಹಸಿರು ಚುಕ್ಕಿಗಳು ಕಾಣುತ್ತವೆ. ಕಂಡ ದಿನವೇ ಮುಚ್ಚಳ ತೆಗೆಯಬೇಕು. ಮುಂದೆಯೂ ನೀರು ಬೋಗುಣಿಯಿಂದಲೇ. ಮೇಲಿನಿಂದ ಒಂದು ತಂಬಿಗೆ ನೀರು ಸುರಿದರೂ ಇಡೀ ಒಟ್ಲು ಒಂದು ಮೂಲೆಗೆ ಕೊಚ್ಚಿಹೋಗುತ್ತದೆ.

ಫ್ಲಾಕ್ಸ್, ವರ್ಬಿನ, ಕ್ಯಾಲೆಂಡುಲಗಳದು ಇದಕ್ಕೆ ವಿರುದ್ಧ. ಕತ್ತಲಿದ್ದರೆ ಅವು ಚೆನ್ನಾಗಿ ಮೊಳೆಯುತ್ತವೆ, ಆದ್ದರಿಂದ ಬೀಜದ ದಪ್ಪದ ಎರಡರಷ್ಟು ಮಣ್ಣು ಮುಚ್ಚಬೇಕು. ನೆಲದಲ್ಲಿ ಒಟ್ಲು ಹಾಕುವವರು ಮಡಿಯನ್ನು ಒಂದು ಮೀಟರ್ ಅಗಲ, ಒಂದು ಗೇಣು ಎತ್ತರ ಏರಿಸಿ, ಸುತ್ತ ಬಸಿಗಾಲುವೆ ತೋಡಬೇಕು. ಚಿತ್ತೆಯ ಒಂದು ಸಂಜೆಯ ಮಳೆ ಸಾಕು, ತಗ್ಗಿನ ಮಡಿ ಕೆಸರಾಗಿ ಹೆಪ್ಪುಗಟ್ಟಲು. ಮರುದಿನದ ಬಿಸಿಲಿಗೆ ಅದು ಹೆಕ್ಕಳಿಕೆ ಕಟ್ಟಿದರೆ ಮೊಳಕೆ ಅಡಿಯಲ್ಲೇ ಉಸಿರುಕಟ್ಟಿ ಸಾಯುತ್ತದೆ. ಇರುವೆಗಳು ಬೀಜ ಹೊರುತ್ತವೆ, ಕೋಳಿಗಳು ಕೆದರುತ್ತವೆ. ಮಡಿಯ ಸುತ್ತ ಒಲೆಬೂದಿಯ ಗೆರೆ, ಮೇಲೆ ನಾಲ್ಕು ಜಾಲಿಮುಳ್ಳು, ಇಷ್ಟು ಮಾಡದೆ ಊರಿನ ಅಂಗಳದಲ್ಲಿ ಒಟ್ಲು ಉಳಿಯುವುದಿಲ್ಲ.

ಈ ದಿನಗಳ ಮುಖ್ಯ ಶತ್ರು ಬುಡಕೊಳೆ. ನೆಟ್ಟಗೆ ನಿಂತಿದ್ದ ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ ರಾತ್ರೋರಾತ್ರಿ ಮಲಗುತ್ತವೆ. ಬೀಜ ದಟ್ಟವಾಗಿ ಬಿದ್ದಿರುವುದು, ನೀರು ನಿಲ್ಲುವುದು, ಹಸಿ ಗೊಬ್ಬರ ಇವೇ ಕಾರಣ. ಗೊಬ್ಬರದಲ್ಲಿ ಮೊದಲೇ ಟ್ರೈಕೋಡರ್ಮ ಬೆರೆಸಿಟ್ಟರೆ ಬಾಧೆ ತಗ್ಗುತ್ತದೆ. ಕಾಣಿಸಿಕೊಂಡ ಮೇಲೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕದಡಿ ಮಣ್ಣು ನೆನೆಯುವಂತೆ ಹಾಕುವುದು ರೂಢಿ.

ಸಸಿಗೆ ನಾಲ್ಕಾರು ಎಲೆ ಬಂದಾಗ ಸಂಜೆ ಹೊತ್ತು ನಾಟಿ ಮಾಡಬೇಕು. ಪಿಟೂನಿಯ, ಆಂಟಿರೈನಮ್‌ಗಳಿಗೆ 25 ರಿಂದ 30 ಸೆಂಟಿಮೀಟರ್ ಅಂತರ, ಫ್ಲಾಕ್ಸಿಗೆ 20, ಅಲಿಸಮ್‌ಗೆ 15. ನಾಟಿ ಮಾಡಿ ಬೇರು ಹಿಡಿದ ಮೇಲೆ ಆಂಟಿರೈನಮ್, ಪಿಟೂನಿಯ, ಫ್ಲಾಕ್ಸ್‌ಗಳ ಕುಡಿ ಚಿವುಟಿದರೆ ಹೂವು ಹತ್ತು ದಿನ ತಡವಾದರೂ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ. ಸ್ಟಾಕ್ ಮಾತ್ರ ಚಿವುಟುವ ಗಿಡವಲ್ಲ. ಅದರ ಚೆಲುವೆಲ್ಲ ನಡುದಂಡಿನ ತೆನೆಯಲ್ಲಿದೆ.

ನೆಲದಿಂದ ನೆಲಕ್ಕೆ

ಭೀಮಸಮುದ್ರದಲ್ಲಿ ಈ ಹೂಗಳಿಗೆ ಅನುಕೂಲವೂ ಇದೆ, ತೊಡಕೂ ಇದೆ. ಕೆರೆ, ತೋಟಗಳ ಮಗ್ಗುಲಿನ ಗಾಳಿ ಬಯಲಿನ ಗಾಳಿಗಿಂತ ತೇವ. ತೋಟದ ಸಾಲು ಮೂಡಗಾಳಿಗೆ ತಡೆಯಾಗುತ್ತದೆ. ಆದರೆ ಅಡಿಕೆ ಮರದಡಿಯಲ್ಲಿ ಈ ಗಿಡಗಳು ಹೂವಿಗೆ ಬಾರವು. ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕೇಬೇಕು. ತೋಟದ ಪೂರ್ವ ಅಥವಾ ದಕ್ಷಿಣದ ಅಂಚು, ಮನೆಮುಂದಿನ ಅಂಗಳ, ಕಣದ ಬದು ಇವೇ ಜಾಗ. ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ತೀವ್ರವಾಗುವುದೂ ಇದೇ ಅಕ್ಟೋಬರ್, ನವೆಂಬರಿನಲ್ಲಿ. ಮನೆಯ ಎಲ್ಲ ಕೈಗಳೂ ಕಣದಲ್ಲಿರುವಾಗ ಒಟ್ಲಿಗೆ ಮೂರು ಹೊತ್ತು ನೀರು ನೋಡುವವರಿರುವುದಿಲ್ಲ. ಅಂಥ ಮನೆಗಳಿಗೆ ಪಿಟೂನಿಯಕ್ಕಿಂತ ನೇರ ಬಿತ್ತುವ ಲಾರ್ಕ್‌ಸ್ಪರ್, ನ್ಯಾಸ್ಟರ್ಷಿಯಂ, ಕ್ಯಾಲೆಂಡುಲಗಳೇ ಹೇಳಿ ಮಾಡಿಸಿದವು. ಅಡಿಕೆ ಸಿಪ್ಪೆಯನ್ನು ಹಸಿಯಾಗಿ ಪಾತಿಗೆ ಹರಡಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಗಿಡ ಹಳದಿಯಾಗುತ್ತದೆ, ಗೆದ್ದಲೂ ಬರುತ್ತದೆ. ಗುಂಡಿಯಲ್ಲಿ ಸಗಣಿಯೊಂದಿಗೆ ಕೊಳೆಸಿ, ಕಪ್ಪು ಗೊಬ್ಬರವಾದ ಮೇಲೆ ಹಾಕಿದರೆ ಮಣ್ಣು ಹಗುರಾಗಿ ನೀರು ಹಿಡಿದಿಡುತ್ತದೆ. ಬಿದ್ದ ಅಡಿಕೆ ಹಾಳೆಯನ್ನು ದೊನ್ನೆಯಂತೆ ಮಡಿಸಿ, ತಳಕ್ಕೆ ತೂತು ಮಾಡಿ ಒಟ್ಲಿನ ತಟ್ಟೆಯಾಗಿಯೂ ಬಳಸಬಹುದು.

ಹೊಳಲ್ಕೆರೆ ಕಡೆಯ ನೆಲ ಭೀಮಸಮುದ್ರದಂತೆಯೇ. ಚಿತ್ರದುರ್ಗ ನಗರದ ಬಂಡೆಗಳ ನಡುವಿನ ಮನೆಗಳಲ್ಲಿ ಮಾತ್ರ ಒಂದು ವಿಶೇಷವಿದೆ: ಹಗಲಿಡೀ ಕಾದ ಕಲ್ಲು ರಾತ್ರಿ ಬಿಸಿ ಉಗುಳುತ್ತದೆ. ಬಂಡೆ, ಗೋಡೆಗಳಿಗೆ ಅಂಟಿದ ಕುಂಡಗಳಲ್ಲಿ ಪ್ಯಾನ್ಸಿ, ಸ್ವೀಟ್ ಪೀ ಇತರ ಕಡೆಗಿಂತ ಬೇಗ ಸೊರಗುತ್ತವೆ. ಪಿಟೂನಿಯ ಮಾತ್ರ ತಾಳಿಕೊಳ್ಳುತ್ತದೆ. ಹೊಸದುರ್ಗದ ಕೆಂಪು ಮಸಾರಿಯಲ್ಲಿ ನೀರು ಬೇಗ ಬಸಿಯುವುದರಿಂದ ಹಸ್ತದಲ್ಲೇ ಧೈರ್ಯವಾಗಿ ಬಿತ್ತಬಹುದು.

ಹಿರಿಯೂರಿನ ಲೆಕ್ಕ ಬೇರೆ. ನಾಲ್ಕೂ ತಾಲ್ಲೂಕುಗಳಲ್ಲಿ ಅದು ತಗ್ಗಿನದು, ಒಣದು. ವೇದಾವತಿ ನದಿಗೆ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ ನೀರಿದೆ, ಆದರೆ ಎರೆ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಕೆಲವೆಡೆ ಮಣ್ಣು ಸವಳು. ಅಲ್ಲಿ ಬಿತ್ತನೆ ಸ್ವಾತಿಗೆ ಮೊದಲು ಬೇಡ, ಹೂವಿನ ಆಸೆ ಫೆಬ್ರವರಿ ಕೊನೆಯ ಆಚೆಗೂ ಬೇಡ. ಏರಿದ ಮಡಿ, ಮರಳು ಬೆರೆಸಿದ ಮಣ್ಣು, ಸವಳು ತಾಳುವ ಗಿಡಗಳ ಆಯ್ಕೆ ಮುಖ್ಯ. ಸ್ಟಾಕ್ ಮತ್ತು ಅಲಿಸಮ್ ಈ ವಿಷಯದಲ್ಲಿ ಪ್ಯಾನ್ಸಿಗಿಂತ ಗಟ್ಟಿ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರ ಹಿರಿಯೂರಿನ ಬಬ್ಬೂರು ಫಾರಂನಲ್ಲಿದೆ, ತೋಟಗಾರಿಕಾ ಕಾಲೇಜೂ ಹಿರಿಯೂರಿನಲ್ಲಿದೆ. ಮಣ್ಣಿನ ಮಾತಿಗೆ ಸುತ್ತಲಿನವರು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಸೇವಂತಿಗೆ, ಆಸ್ಟರ್

ಚಿತ್ರದುರ್ಗ ಸೀಮೆಯ ಹೊಲದ ಹೂವೆಂದರೆ ಸೇವಂತಿಗೆ. ಅದು ಬಹುವಾರ್ಷಿಕ, ಕಂದುಗಳಿಂದ ಬೆಳೆಸುತ್ತಾರೆ, ಬೀಜದಿಂದಲ್ಲ. ಬೇಸಗೆ, ಮುಂಗಾರಿನ ನಡುವೆ ನೆಟ್ಟ ಗಿಡ ಹಗಲು ಕಿರಿದಾಗತೊಡಗಿದ ಮೇಲೆ ಮೊಗ್ಗು ಹಿಡಿಯುತ್ತದೆ. ಚಳಿಗಾಲದ ಹೂವಾದರೂ ಬಿತ್ತನೆಯ ಪಟ್ಟಿಗೆ ಅದು ಸೇರದಿರುವುದು ಈ ಕಾರಣಕ್ಕೆ.

ಹೊಲಕ್ಕೂ ಅಂಗಳಕ್ಕೂ ಸೇತುವೆಯಂತಿರುವುದು ಆಸ್ಟರ್. ಚೀನಾ ಮೂಲದ ಈ ವಾರ್ಷಿಕ ಗಿಡವನ್ನು ಕರ್ನಾಟಕದ ಬಿಡಿಹೂವಿನ ಬೆಳೆಗಾರರು ತಮ್ಮದಾಗಿಸಿಕೊಂಡಿದ್ದಾರೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕಾಮಿನಿ, ಪೂರ್ಣಿಮಾ, ಶಶಾಂಕ, ವಯಲೆಟ್ ಕುಶನ್ ಎಂಬ ತಳಿಗಳನ್ನೂ, ಅನಂತರ ಅರ್ಕಾ ಅರ್ಚನಾ, ಅರ್ಕಾ ಆದ್ಯ ಮುಂತಾದವನ್ನೂ ಬಿಡುಗಡೆ ಮಾಡಿದೆ. ನಮ್ಮ ಹವೆಯಲ್ಲೇ ಆಯ್ದು ಬೆಳೆಸಿದ ಈ ತಳಿಗಳು ವರ್ಷದ ಬಹುಭಾಗದಲ್ಲಿ ಬೆಳೆಯುತ್ತವೆ. ಆಸ್ಟರಿನ ಹಗಲಿನ ಲೆಕ್ಕ ವಿಚಿತ್ರವಾದದ್ದು: ದಂಟು ಉದ್ದವಾಗಲು ದೀರ್ಘ ಹಗಲು ಬೇಕು, ಮೊಗ್ಗು ಅರಳಲು ಕಿರಿದಾದರೂ ಸಾಗುತ್ತದೆ. ನವೆಂಬರಿನಲ್ಲಿ ಬಿತ್ತಿದ ಆಸ್ಟರ್ ಗಿಡ್ಡಗೆ ಉಳಿದು ಬುಡದಲ್ಲೇ ಹೂಬಿಡುತ್ತದೆ. ಚಳಿಗಾಲಕ್ಕೆ ಉದ್ದನೆಯ ದಂಟಿನ ಹೂ ಬೇಕಾದವರು ಆಗಸ್ಟ್ ಕೊನೆಯ ಮಖೆ, ಹುಬ್ಬೆ ಮಳೆಗಳ ಸಂಧಿಯಲ್ಲಿ ಒಟ್ಲು ಹಾಕಬೇಕು. ಮೂರೂವರೆ ತಿಂಗಳಿಗೆ, ಡಿಸೆಂಬರ್ ನಡುವೆ ಕೊಯ್ಲು ಸಿಗುತ್ತದೆ. ಚಳಿಗಾಲದ ಇತರ ವಾರ್ಷಿಕಗಳಿಗಿಂತ ಒಂದು ತಿಂಗಳು ಮುಂಚಿತವಾದ ಈ ಬಿತ್ತನೆಯಲ್ಲಿ ಗಾಳಿಯಿಂದ ಸಸಿಯನ್ನು ಕಾಯುವುದೇ ದೊಡ್ಡ ಕೆಲಸ.

ಬೀಜ

ಪೊಟ್ಟಣದಲ್ಲಿ ಎಫ್1 ಎಂದು ಬರೆದ ಸಂಕರ ಪಿಟೂನಿಯ, ಪ್ಯಾನ್ಸಿಗಳಿಂದ ಬೀಜ ಹಿಡಿದಿಡುವುದರಲ್ಲಿ ಫಲವಿಲ್ಲ. ಮುಂದಿನ ಪೀಳಿಗೆಯ ಬಣ್ಣ, ಗಾತ್ರ ಚೆದುರಿಹೋಗುತ್ತವೆ. ಕ್ಯಾಲೆಂಡುಲ, ಲಾರ್ಕ್‌ಸ್ಪರ್, ನ್ಯಾಸ್ಟರ್ಷಿಯಂ, ಸ್ವೀಟ್ ಪೀ, ಸಾಮಾನ್ಯ ಫ್ಲಾಕ್ಸ್ ಬೀಜಗಳನ್ನು ಮಾತ್ರ ಮನೆಯಲ್ಲೇ ಹಿಡಿಯಬಹುದು. ಫೆಬ್ರವರಿಯಲ್ಲಿ ಚೆನ್ನಾದ ನಾಲ್ಕು ಗಿಡಗಳಿಗೆ ದಾರ ಕಟ್ಟಿ ಗುರುತಿಟ್ಟು, ಅವುಗಳ ಹೂ ಕೀಳದೆ ಬಿಡಬೇಕು. ಫ್ಲಾಕ್ಸಿನ ಕಾಯಿ ಒಣಗಿದೊಡನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ, ಆದ್ದರಿಂದ ಕಾಯಿ ಕಂದು ತಿರುಗುವಾಗಲೇ ಕಿತ್ತು ತೆಳುಬಟ್ಟೆಯ ಚೀಲದಲ್ಲಿ ನೇತುಹಾಕುವುದು ವಾಡಿಕೆ.

ಹಿಡಿದ ಬೀಜಕ್ಕೆ ಆರೇಳು ತಿಂಗಳು ಕಾಯುವ ಕೆಲಸವಿದೆ, ಆ ತಿಂಗಳುಗಳಲ್ಲೇ ಏಪ್ರಿಲಿನ ಕಾವೂ ಮಳೆಗಾಲದ ತೇವವೂ ಬರುತ್ತವೆ. ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಮತ್ತು ವರ್ಷ ಬರೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು; ಫ್ರಿಜ್ ಇದ್ದವರು ಅದರ ಕೆಳಗಿನ ಅರೆಯಲ್ಲಿ ಇಟ್ಟರೆ ಇನ್ನೂ ಉತ್ತಮ. ಸ್ವೀಟ್ ಪೀ, ನ್ಯಾಸ್ಟರ್ಷಿಯಂ, ಕ್ಯಾಲೆಂಡುಲ ಬೀಜಗಳು ಹೀಗೆ ಎರಡು ಮೂರು ವರ್ಷ ಬಾಳುತ್ತವೆ. ಲಾರ್ಕ್‌ಸ್ಪರ್, ವರ್ಬಿನ, ಆಸ್ಟರ್ ಬೀಜಗಳು ಒಂದು ವರ್ಷ ದಾಟಿದರೆ ಸತ್ವ ಕಳೆದುಕೊಳ್ಳತೊಡಗುತ್ತವೆ. ಹಳೆಯ ಬೀಜದ ಬಗ್ಗೆ ಅನುಮಾನವಿದ್ದರೆ, ಆಸ್ಟರಿಗೆ ಆಗಸ್ಟ್ ಮೊದಲ ವಾರ, ಉಳಿದವಕ್ಕೆ ಉತ್ತರೆ ಹುಟ್ಟುವ ಮುನ್ನ ಇಪ್ಪತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪರೀಕ್ಷಿಸಬೇಕು. ಲಾರ್ಕ್‌ಸ್ಪರ್ ಬಟ್ಟೆಯನ್ನು ಮಾತ್ರ ತಂಪು ಜಾಗದಲ್ಲಿಡಬೇಕು, ಸೆಕೆಯಲ್ಲಿ ಒಳ್ಳೆಯ ಬೀಜವೂ ಏಳದು. ಹತ್ತಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜ ತರಿಸಲು ಆಗಲೂ ಎರಡು ವಾರ ಕೈಯಲ್ಲಿರುತ್ತವೆ.